ದಿಬ್ಬಣಕ್ಕೊಂದು ಜೆಟ್ಟು

ನಮ್ಮ ಅಡುಗೆಮನೆಯ ಡಬ್ಬಿಗಳ ಕಪಾಟಿಗೆ ನನ್ನ ಹೆಂಡತಿ ಹಾಸಿರುವ ಕಾಗದವನ್ನು ನೀವೊಮ್ಮೆ ನೋಡಬೇಕು. ಬೇರೆಯವರ ಮನೆಯಲ್ಲಿ ಹಳೆಯ ಪೇಪರ್ ಇರುತ್ತದೆ, ಹೆಚ್ಚೆಂದರೆ ಹೋದ ವರ್ಷದ ಕ್ಯಾಲೆಂಡರ್. ನಮ್ಮಲ್ಲಿ ಜೀರಿಗೆ ಡಬ್ಬಿ ಎತ್ತಿದರೆ ಅಡಿಯಲ್ಲಿ ಬಿಳಿ ಚರ್ಮದ ಸೋಫಾ. ಕೊತ್ತಂಬರಿ ಡಬ್ಬಿಯ ಕೆಳಗೆ ಒಬ್ಬಳು ಗಗನಸಖಿ ದ್ರಾಕ್ಷಿಯ ತಟ್ಟೆ ಹಿಡಿದು ನಗುತ್ತಿದ್ದಾಳೆ, ಅವಳ ಒಂದು ಕಣ್ಣಿನ ಮೇಲೆ ತೆಂಗಿನೆಣ್ಣೆ ಬಿದ್ದಿದೆ. ಮೆಣಸಿನ ಡಬ್ಬಿಯ ಕೆಳಗೆ ಇಂಗ್ಲಿಷಿನ ದಪ್ಪಕ್ಷರದಲ್ಲಿ, ನಿಮ್ಮ ಪ್ರಯಾಣದ ಅಗತ್ಯಕ್ಕೆ ತಕ್ಕ ಖಾಸಗಿ ಜೆಟ್ ಆರಿಸುವುದು ಹೇಗೆ ಎಂಬ ಪ್ರಶ್ನೆ. ನಿನ್ನೆ ಸಾರಿನ ಒಗ್ಗರಣೆಗೆ ಮೆಣಸು ತೆಗೆಯಲು ಹೋದವನು ಅದನ್ನೇ ಓದುತ್ತ ನಿಂತುಬಿಟ್ಟೆ. ಸಾಸಿವೆ ಸೀದುಹೋಯಿತು, ಹೆಂಡತಿ ಬೈದಳು.

ಹೌದು, ನಾವು ಒಮ್ಮೆ ಖಾಸಗಿ ಜೆಟ್ ಆರಿಸಿದವರು. ನಗಬೇಡಿ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದ ಮಾಷ್ಟ್ರು. ನನ್ನದೆಂದು ಹೇಳಿಕೊಳ್ಳುವ ವಾಹನ ಒಂದು ಸ್ಕೂಟರ್, ಅದನ್ನೂ ಎಡಕ್ಕೆ ವಾಲಿಸಿ ಹಿಡಿಯದೆ ಸ್ಟಾರ್ಟ್ ಆಗುವುದಿಲ್ಲ. ಇಂಥವನಿಗೆ ಹಗುರ ಜೆಟ್ಟಿಗೂ ಮಧ್ಯಮ ಜೆಟ್ಟಿಗೂ ಇರುವ ವ್ಯತ್ಯಾಸ ಹೇಗೆ ಗೊತ್ತು ಎಂದು ನೀವು ಕೇಳಬಹುದು. ಅದಕ್ಕೆಲ್ಲ ಕಾರಣ ನನ್ನ ತಂಗಿಯ ಗಂಡ ಜಯಕರ ಭಾವ, ಮತ್ತು ಅವನು ಮಾಡುವ ಸಿಗಡಿ ಗಸಿ.

ಭಾವ ಗಲ್ಫಿನಲ್ಲಿ ಒಬ್ಬ ಶೇಖ್‌ನ ಮನೆಯ ಅಡುಗೆಗೆ ಮುಖ್ಯಸ್ಥ. ಆ ಶೇಖ್‌ಗೆ ನಮ್ಮ ಸಿಗಡಿ ಗಸಿಯ ಹುಚ್ಚು. ಭಾವನ ಮಗಳು ಶ್ರಾವ್ಯಳ ಮದುವೆ ಮುಂಬಯಿಯ ಹುಡುಗನೊಂದಿಗೆ ನಿಶ್ಚಯವಾಯಿತು, ಮದುವೆಯೂ ಅಲ್ಲೇ ಎಂದಾಯಿತು. ಭಾವ ರಜೆ ಕೇಳಲು ಹೋದಾಗ ಶೇಖ್ ಆಗಷ್ಟೇ ಎರಡನೆಯ ಸಲ ಗಸಿ ಬಡಿಸಿಕೊಂಡಿದ್ದನಂತೆ. ಆ ಸಂತೋಷದಲ್ಲಿ, ಮಂಗಳೂರಿನಿಂದ ಮುಂಬಯಿಗೆ ಮದುಮಗಳು ನನ್ನ ಖರ್ಚಿನ ಜೆಟ್‌ನಲ್ಲಿ ಹೋಗಲಿ, ಯಾವುದು ಬೇಕೋ ನೀವೇ ಆರಿಸಿ ಎಂದು ಹೇಳಿ, ಮುಂಬಯಿಯ ಒಂದು ಕಂಪೆನಿಯಿಂದ, ಈಗ ಡಬ್ಬಿಗಳಡಿ ಹಾಳೆಯಾಗಿರುವ ಆ ಪುಸ್ತಕವನ್ನು ಜೆಪ್ಪುವಿನ ನಮ್ಮ ಮನೆಗೆ ಕೊರಿಯರ್ ಮಾಡಿಸಿದ. ಕೊನೆಯ ಪುಟದಲ್ಲಿ ತುಂಬಿ ಕಳಿಸಬೇಕಾದ ಒಂದು ಫಾರ್ಮ್ ಇತ್ತು. ಮನೆಯಲ್ಲಿ ಇಂಗ್ಲಿಷ್ ಫಾರ್ಮ್ ಬಂದರೆ ಅದು ನನ್ನ ಪಾಲಿಗೆ, ಮೀನು ಬಂದರೆ ಹೆಂಡತಿಯ ಪಾಲಿಗೆ ಎಂಬುದು ಹಿಂದಿನಿಂದ ನಡೆದು ಬಂದದ್ದು.

ಆದರೆ ನಮ್ಮಲ್ಲಿ ದಿಬ್ಬಣದ ವಾಹನ ಆರಿಸುವವರು ನನ್ನ ಅಮ್ಮ. ಎಂಬತ್ತೆರಡು ವರ್ಷ, ಹೆಸರು ದೇವಕಿ, ಓಣಿಗೆಲ್ಲ ದೇವಕ್ಕ. ಮದುಮಗಳನ್ನು ಕರೆದುಕೊಂಡು ಮದುವೆಯ ಜಾಗಕ್ಕೆ ಒಟ್ಟಾಗಿ ಹೊರಡುವ ಆ ಗುಂಪು ಅಮ್ಮನ ಮಟ್ಟಿಗೆ ಮದುವೆಗಿಂತ ದೊಡ್ಡದು. ನಾನು ಸಣ್ಣವನಿದ್ದಾಗ ಬಸ್ಸು ಗೊತ್ತುಮಾಡಲು ಅಮ್ಮ ನನ್ನನ್ನೂ ಪಡೀಲ್‌ಗೆ ಎಳೆದುಕೊಂಡು ಹೋಗುತ್ತಿದ್ದರು. ಅಮ್ಮನಿಗೆ ಎಂಜಿನ್ನು ಗಿಂಜಿನ್ನು ಮುಖ್ಯವಲ್ಲ. ಮೊದಲು ಹಾರ್ನ್ ಹಾಕಿಸಿ ನೋಡುವುದು. ಆಮೇಲೆ ಡ್ರೈವರನ ಬಾಯಿ ಮೂಸುವಷ್ಟು ಹತ್ತಿರ ನಿಂತು ಊಟ ಆಯ್ತಾ ಎಂದು ಕೇಳುವುದು. ಕೊನೆಗೆ ಹಿಂದಿನ ಸೀಟಿನ ಮೇಲೆ ಕೂತು ಎರಡು ಸಲ ಕುಪ್ಪಳಿಸುವುದು. ಪರೀಕ್ಷೆಯಲ್ಲಿ ಪಾಸಾದ ಬಸ್ಸಿನಲ್ಲಿ ನೆಂಟರೆಲ್ಲ ತುಂಬಿದ ಮೇಲೆ ನನಗೆ ಸಿಗುತ್ತಿದ್ದದ್ದು ಡ್ರೈವರನ ಪಕ್ಕದ ಎಂಜಿನ್ ಪೆಟ್ಟಿಗೆಯ ಮುಚ್ಚಳ. ಮೇಲೆ ಗೋಣಿ ಹಾಸಿದ್ದರೂ ಬಂಟ್ವಾಳ ದಾಟುವಾಗ ಚಡ್ಡಿ ಬಿಸಿಯಾಗಿ ನಾನು ಅಳಲು ಶುರುಮಾಡುತ್ತಿದ್ದೆ. ಮದುವೆಯ ಊಟವನ್ನು ನಿಂತುಕೊಂಡೇ ಮಾಡಿದ ನೆನಪುಗಳು ನನಗೆ ಬಹಳ ಇವೆ.

ಜೆಟ್ ಪುಸ್ತಕ ಬಂದ ದಿನ, ರಜೆಯಲ್ಲಿ ಊರಿಗೆ ಬಂದಿದ್ದ ಭಾವನೂ ಸೇರಿ, ಮನೆಯ ಮುಂದಿನ ಚಾವಡಿಯಲ್ಲಿ ಎಲ್ಲರೂ ಕೂತೆವು. ನಮ್ಮದು ಮನೆಮಾತು ತುಳು, ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ. ನಾನು ಕನ್ನಡಕ ಹಾಕಿ, ಗಂಟಲು ಸರಿಮಾಡಿ, ಪಾಠ ಶುರುಮಾಡಿದೆ. "ಇದು ಹಗುರ ಜೆಟ್. ಏಳೆಂಟು ಜನ. ಇದು ಮಧ್ಯಮ. ಇದು ಭಾರಿ, ಇದರಲ್ಲಿ ಮಲಗ್ಲಿಕ್ಕೂ ಆಗ್ತದೆ."

"ಮಲಗ್ಲಿಕ್ಕೆ ಎಂತಕ್ಕೆ? ಎಷ್ಟು ಹೊತ್ತಿನ ದಾರಿ?" ಎಂದರು ಅಮ್ಮ.

"ಒಂದೂಕಾಲು ಗಂಟೆ."

"ಜೆಪ್ಪುವಿಂದ ಕಾವೂರಿಗೆ ಹೋಗ್ಲಿಕ್ಕೆ ಅಷ್ಟು ಬೇಕು. ಅದರಲ್ಲಿ ಯಾರು ಮಲಗ್ತಾರೆ? ಮುಂದೆ ಓದು."

ಹಗುರ ಜೆಟ್ಟಿನ ನಕ್ಷೆಯಲ್ಲಿ ಎಂಟನೆಯ ಸೀಟು ಉಳಿದ ಏಳರಿಂದ ದೂರ, ಹಿಂದುಗಡೆ ಒಂದು ಪರದೆಯ ಆಚೆ ಇತ್ತು. ಕೆಳಗಿನ ಸಣ್ಣಕ್ಷರ ಓದಿದಾಗ ಗೊತ್ತಾಯಿತು, ಅದು ಕಕ್ಕಸು. ಮುಚ್ಚಳದ ಮೇಲೆ ಮೆತ್ತೆ, ಮೆತ್ತೆಯ ಮೇಲೆ ಬೆಲ್ಟು. ಬೇಕಾದಾಗ ಕಕ್ಕಸು, ಬೇಡದಾಗ ಪ್ರಯಾಣಿಕನ ಆಸನ. ಎಲ್ಲರೂ ಪುಸ್ತಕ ನೋಡುವುದು ಬಿಟ್ಟು ಒಬ್ಬೊಬ್ಬರಾಗಿ ನನ್ನನ್ನು ನೋಡಿದರು. ನಾನು ಬೇಗ ಪುಟ ತಿರುಗಿಸಿದೆ.

ಫಾರ್ಮ್ ತುಂಬುವುದು ಶುರುವಾಯಿತು. ಸಾಮಾನು ಎಷ್ಟು ಎಂಬಲ್ಲಿ ಅಮ್ಮ ಹೇಳಿದಂತೆ ಬರೆದೆ: ತೆಂಗಿನಕಾಯಿ ಅರವತ್ತು, ಬಾಳೆಗೊನೆ ಎರಡು, ಅಡಿಕೆ ಹೂವಿನ ಹಿಂಗಾರ ಒಂದು ಕಟ್ಟು, ಹಲಸಿನಹಣ್ಣು ಒಂದು, ಇಡಿಯಾಗಿ. ಸಾಕುಪ್ರಾಣಿ ಇದೆಯೇ ಎಂಬ ಪ್ರಶ್ನೆಗೆ ಅಮ್ಮ, "ಅಲ್ಲಿ ನಾಯಿಯನ್ನೂ ದಿಬ್ಬಣಕ್ಕೆ ಕರೀತಾರಾ?" ಎಂದು ಕೇಳಿದರು. ಇಲ್ಲ ಎಂದು ಬರೆದೆ. ವಿಶೇಷ ಅಗತ್ಯ ಎಂಬಲ್ಲಿ, ದಾರಿಯಲ್ಲಿ ಎಲೆ ಅಡಿಕೆಗೆ ಒಮ್ಮೆ ನಿಲ್ಲಿಸಬೇಕು ಎಂದು ಬರೆಸಿದರು. ಫಾರ್ಮ್ ಕಳಿಸಿದ ಮಾರನೆಯ ದಿನ ಕಂಪೆನಿಯ ಹುಡುಗಿ ಫೋನ್ ಮಾಡಿ, ಅದು ಟೆಕ್ನಿಕಲ್ ಹಾಲ್ಟ್ ಆಗಬಹುದೇ ಸರ್ ಎಂದು ವಿಚಾರಿಸಿದಳು. ಇಂಗ್ಲಿಷ್ ಮಾಷ್ಟ್ರಿಗೆ ಗೊತ್ತಿಲ್ಲ ಎನ್ನುವುದು ಹೇಗೆ? ಹೌದು ಮೇಡಂ, ಅದೇ ಎಂದೆ. ಗೋವಾದಲ್ಲಿ ಇಳಿಸಿ ಮತ್ತೆ ಹಾರಿಸಲು ಅವಳು ಏರ್ಪಾಡು ಮಾಡಲು ಹೊರಟಳು. ಅದನ್ನು ನಿಲ್ಲಿಸಲು ಮೂರು ಫೋನು, ಎರಡು ಈಮೇಲು ಬೇಕಾಯಿತು.

ಪ್ರಯಾಣಿಕರು ಎಷ್ಟು ಎಂಬುದು ಎಲ್ಲಕ್ಕಿಂತ ಸುಲಭದ ಪ್ರಶ್ನೆ ಎಂದು ನಾನು ಅದನ್ನು ಕೊನೆಗಿಟ್ಟಿದ್ದೆ. ಏಟು ಬಿದ್ದದ್ದು ಅಲ್ಲಿ.

ನಮ್ಮ ಓಣಿಯಲ್ಲಿ ಒಂದು ಕ್ರಮ ಉಂಟು. ಮದುವೆಗೆ ಕಾಗದ ಹಂಚಿದರೆ ಕರೆದಂತೆ ಆಗುವುದಿಲ್ಲ. ಮನೆಯ ಹಿರಿಯರು ನಡೆದು ಹೋಗಿ, ಒಳಗೆ ಕೂತು, ನೀರು ಕುಡಿದು, ದಿಬ್ಬಣಕ್ಕೆ ಮನೆಗೊಬ್ಬರು ಬರಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಅದು ಹೇಳಿಕೆ. ಯಾರು ಬರುತ್ತಾರೆಂಬುದು ಆ ಮನೆಯವರಿಗೆ ಬಿಟ್ಟದ್ದು, ಆದರೆ ಒಬ್ಬರಿಗೆ ಜಾಗ ಖಂಡಿತ. ಜೆಟ್ಟಿನ ಸುದ್ದಿ ಬರುವ ಮೊದಲೇ, ಎರಡು ಬಸ್ಸು ಹೋಗುವುದೆಂಬ ಲೆಕ್ಕದಲ್ಲಿ, ಅಮ್ಮ ಮಂಡಿ ನೋವಿಗೆ ಎಣ್ಣೆ ಹಚ್ಚಿಕೊಂಡು ಓಣಿಯ ಮೂವತ್ತೆರಡು ಮನೆಗೂ ಹೇಳಿಕೆ ಹೇಳಿ ಮುಗಿಸಿದ್ದರು.

"ಬರಿ. ಮೂವತ್ತೆರಡು, ಮತ್ತೆ ನಾವು," ಎಂದರು ಅಮ್ಮ.

"ಮಾಮಿ, ಇದು ಬಸ್ಸಲ್ಲ," ಎಂದ ಜಯಕರ ಭಾವ.

"ಬಸ್ಸಲ್ಲದಿದ್ರೆ ಬಸ್ಸನ್ನು ಕರೆಸು."

ಭಾವನ ಮುಖ ಬಿಳಿಚಿತು. ಜೆಟ್ಟಿನ ಖುಷಿಯಲ್ಲಿ ಅವನು ಎರಡೂ ಬಸ್ಸನ್ನು ಅವತ್ತು ಬೆಳಿಗ್ಗೆಯೇ ಬೇಡವೆಂದು ಹೇಳಿಬಿಟ್ಟಿದ್ದ. ಮದುವೆಯ ಸೀಸನ್. ಪಡೀಲ್‌ಗೆ ಓಡಿ ಹೋಗಿ ಕೇಳಿದರೆ ಬಸ್ಸುಗಳು ಆಗಲೇ ಬೇರೆ ದಿಬ್ಬಣಗಳ ಪಾಲಾಗಿದ್ದವು. ಇನ್ನೆಲ್ಲಿ ವಿಚಾರಿಸಿದರೂ ಇಲ್ಲ. ರೈಲಿನ ಟಿಕೇಟಂತೂ ಕೇಳುವುದೇ ಬೇಡ. ಮಧ್ಯಮ ಜೆಟ್ಟಿನಲ್ಲೂ ಮೂವತ್ತೆರಡು ಮನೆ ಹಿಡಿಯುವುದಿಲ್ಲ. ಕೊನೆಗೆ ಭಾವ ನಾಚಿಕೆ ಬಿಟ್ಟು ಶೇಖ್‌ನ ಆಫೀಸಿಗೇ ಫೋನ್ ಮಾಡಿ, ಅವರ ಸ್ವಂತದ್ದೊಂದು ದೊಡ್ಡ ಜೆಟ್ ಉಂಟಲ್ಲ, ಅದನ್ನು ಕಳಿಸಬಹುದೇ ಎಂದು ಕೇಳಿದ. ಅದು ಗಿಡುಗಗಳನ್ನು ಕೂರಿಸಿಕೊಂಡು ಬೇಟೆಗೆ ಹೋಗಿದೆ ಎಂಬ ಉತ್ತರ ಬಂತು. ಒಂದೊಂದು ಗಿಡುಗಕ್ಕೂ ಒಂದೊಂದು ಸೀಟಂತೆ.

ಅಮ್ಮ ಅದನ್ನು ಎರಡು ಸಲ ಹೇಳಿಸಿಕೊಂಡು ಕೇಳಿದರು. "ಗಿಡುಗಕ್ಕೆ ಸೀಟು ಉಂಟು, ನಮ್ಮ ಓಣಿಯ ಲೀಲಕ್ಕನಿಗೆ ಇಲ್ಲ. ಚಂದ ಆಯ್ತು."

ಕೊನೆಗೆ ಒಪ್ಪಿಗೆಯಾದದ್ದು ಹಗುರ ಜೆಟ್. ಮದುಮಗಳು, ಅವಳ ಅಪ್ಪ ಅಮ್ಮ, ತಮ್ಮ, ನನ್ನ ಹೆಂಡತಿ, ನನ್ನ ಅಮ್ಮ, ಮತ್ತು ಮದುಮಗಳನ್ನು ಸಿಂಗರಿಸುವ ಬ್ಯೂಟೀಷಿಯನ್. ಏಳಾಯಿತು. ಸೋದರಮಾವ ಇಲ್ಲದೆ ಮದುವೆ ಆಗುವುದಿಲ್ಲವಾದ್ದರಿಂದ ಎಂಟನೆಯವನು ನಾನು. ಬ್ಯೂಟೀಷಿಯನ್ ಆ ಸೀಟಿನಲ್ಲಿ ಕೂರಬಾರದೇ ಎಂದು ನಾನು ಮೆಲ್ಲಗೆ ಕೇಳಿದೆ. ಅವಳ ಪೆಟ್ಟಿಗೆಗೆ ಅಲ್ಲಿ ಜಾಗ ಸಾಲದು ಎಂದು ಹೆಂಡತಿ ಹೇಳಿದಳು. ನನಗೆ ಸಾಲುತ್ತದೆ ಎಂಬುದನ್ನು ಯಾರೂ ಅಳೆದು ನೋಡಲಿಲ್ಲ.

ಹೊರಡಲು ಎರಡು ದಿನ ಇರುವಾಗ ಅಮ್ಮ, "ನಾನು ಬರುವುದಿಲ್ಲ" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು. "ಮೂವತ್ತೆರಡು ಮನೆಯಲ್ಲಿ ಕೂತು ನೀರು ಕುಡಿದು ಬನ್ನಿ ಅಂತ ಹೇಳಿದವಳು ನಾನು. ಅವರನ್ನು ಬಿಟ್ಟು ನಾನೊಬ್ಬಳು ಹಾರಿ ಹೋದ್ರೆ, ವಾಪಸು ಬಂದು ಯಾರ ಮುಖ ನೋಡ್ಲಿ? ನೀವು ಹೋಗಿ. ನಾನು ಮನೆಯಲ್ಲಿ ದೀಪ ಹಚ್ಚಿ ಕೂತ್ಕೊಳ್ತೇನೆ."

ಶ್ರಾವ್ಯ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಅತ್ತಳು. ಅವಳನ್ನು ಎತ್ತಿ ಆಡಿಸಿದ್ದು, ಅವಳ ಅಪ್ಪ ಗಲ್ಫಿನಲ್ಲಿದ್ದಾಗ ಅವಳ ಜ್ವರಕ್ಕೆ ರಾತ್ರಿಯೆಲ್ಲ ಕೂತದ್ದು, ಎಲ್ಲವೂ ಅಜ್ಜಿಯೇ. ಧಾರೆಯ ಹೊತ್ತಿಗೆ ಅಜ್ಜಿ ಎದುರಿಲ್ಲದಿದ್ದರೆ ತನಗೆ ಮದುವೆಯೇ ಬೇಡ ಎಂದಳು. ನಾವು ಒಬ್ಬೊಬ್ಬರಾಗಿ ಅಮ್ಮನ ಕಾಲಿಗೆ ಬಿದ್ದೆವು. ಅಮ್ಮ ಎಲ್ಲರಿಗೂ ಆಶೀರ್ವಾದ ಮಾಡಿದರು, ಮಾತು ಮಾತ್ರ ಬದಲಿಸಲಿಲ್ಲ. ನನಗೆ ಅಮ್ಮನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಪಾಪ ಅನಿಸಿತು. ಜೀವನದಲ್ಲಿ ಒಮ್ಮೆಯೂ ವಿಮಾನ ಹತ್ತದವರು ಅವರು. ಮುದ್ರಣವಾಗಿ ಬಂದ ಪ್ರಯಾಣಿಕರ ಪಟ್ಟಿಯಲ್ಲಿ ತನ್ನ ಹೆಸರು ಎಲ್ಲಿದೆಯೆಂದು ನನ್ನಿಂದ ಬೆರಳಿಟ್ಟು ತೋರಿಸಿಕೊಂಡು, ಆ ಜಾಗವನ್ನು ಸವರಿ ನೋಡಿದ್ದನ್ನು ನಾನು ಕಂಡಿದ್ದೆ.

ಹೊರಡುವ ದಿನ ಬೆಳಿಗ್ಗೆ ಇನ್ನೊಂದು ತಮಾಷೆ. ನಮ್ಮೂರಿನಲ್ಲಿ ಗಲ್ಫಿಗೆ ಹೋಗುವವನು ಒಬ್ಬನಾದರೆ ಬಿಡಲು ಹೋಗುವವರು ಹದಿನೈದು ಜನ. ಚಿಕ್ಕಪ್ಪ ಮೊದಲ ಸಲ ಹೋಗುವಾಗ ಒಂದು ಜೀಪಿನಲ್ಲಿ ಎಷ್ಟು ಜನ ತುಂಬಿದ್ದೆವೆಂದರೆ, ಬಜ್ಪೆಯ ವಿಮಾನ ನಿಲ್ದಾಣ ತಲುಪಿದ ಮೇಲೆ ನೋಡಿದರೆ ಚಿಕ್ಕಪ್ಪನೇ ಇರಲಿಲ್ಲ. ಜಾಗ ಸಾಲದೆ ಅವರು ಹಿಂದಿನಿಂದ ಆಟೋದಲ್ಲಿ ಬಂದರು. ಹಾಗಿರುವಾಗ ಜೆಟ್ ಹತ್ತುವವರನ್ನು ಬಿಡಲು ಓಣಿ ಸುಮ್ಮನೆ ಕೂತೀತೇ? ಮುಂಬಯಿಗೆ ಹೋಗುವ ಬಸ್ಸು ಸಿಗದಿದ್ದರೇನು, ವಿಮಾನ ನಿಲ್ದಾಣದವರೆಗೆ ಸಿಟಿ ಬಸ್ಸು ಸಿಕ್ಕಿತು. ಮೂವತ್ತೆರಡು ಮನೆಯಿಂದಲೂ ಒಬ್ಬೊಬ್ಬರು ಜರಿ ಸೀರೆ, ಇಸ್ತ್ರಿ ಪಂಚೆಯಲ್ಲಿ ಹೊರಟು ನಿಂತರು. ಅವರು ಬರುವಾಗ ಅಮ್ಮ ಮನೆಯಲ್ಲಿ ಕೂರುವ ಹಾಗಿಲ್ಲ. ಅಲ್ಲಿವರೆಗೆ ಮಾತ್ರ ಬರ್ತೇನೆ ಎಂದು ಮುಂದಿನ ಸೀಟಿನಲ್ಲಿ ಕೂತರು. ಕಾವೂರು ದಾಟಿ ಗುಡ್ಡ ಹತ್ತುವಾಗ ಬಸ್ಸಿನಲ್ಲಿ ಶೋಭಾನೆ ಶುರುವಾಗಿತ್ತು.

ದಿಬ್ಬಣದಲ್ಲಿ ಹಿರಿಯರು ಕೊನೆಗೆ ಹತ್ತಬೇಕು, ಎಲ್ಲರೂ ಹತ್ತಿದರೆಂದು ಎಣಿಸಿದ ಮೇಲೆ. ಅಮ್ಮ ನಿಲ್ದಾಣದ ಬಾಗಿಲ ಬಳಿ ನಿಂತು ಬೆರಳು ಮಡಚುತ್ತ ಎಣಿಸಿದರು. "ಮೂವತ್ತೆರಡೂ ಮನೆ ಉಂಟು. ಇವರು ಯಾರೂ ಹತ್ತುವುದಿಲ್ಲ, ಹಾಗಾದ್ರೆ ನಾನೂ ಇಲ್ಲ. ನೀವು ಹೋಗಿ ಮಕ್ಕಳೇ, ಹೊತ್ತಾಯ್ತು."

ಶ್ರಾವ್ಯ ಅಲ್ಲೇ ತೆಂಗಿನಕಾಯಿಯ ಚೀಲದ ಮೇಲೆ ಕೂತುಬಿಟ್ಟಳು. ಬ್ಯೂಟೀಷಿಯನ್ ಓಡಿ ಬಂದು ಅವಳ ಕಣ್ಣಿನ ಕೆಳಗೆ ಹತ್ತಿ ಹಿಡಿದಳು. ಕಂಪೆನಿಯ ಹುಡುಗಿ ಫೋನಿನಲ್ಲಿ, ಸರ್, ಹಾರಲು ಕೊಟ್ಟ ಸಮಯ ಮುಗಿಯುತ್ತದೆ ಸರ್ ಎನ್ನುತ್ತಿದ್ದಳು. ಬಾಗಿಲ ಕಾವಲಿನವನು ನಮ್ಮನ್ನು ನೋಡುತ್ತ ಟೊಪ್ಪಿ ತೆಗೆದು ತಲೆ ಕೆರೆದುಕೊಂಡ.

ಆಗ ಮುಂದೆ ಬಂದವರು ಮೊಯ್ದಿನಾಕ. ಮೀನಿನ ಬೋಟು ಬಂದು ನಿಲ್ಲುವ ಧಕ್ಕೆಯಲ್ಲಿ ವ್ಯಾಪಾರ ಅವರದ್ದು, ನಮ್ಮಿಂದ ನಾಲ್ಕನೇ ಮನೆ.

"ದೇವಕ್ಕ, ನಮ್ಮ ಮನೆಗೆ ಬಂದು ನೀವು ಎಂತ ಹೇಳಿದ್ದು?"

"ದಿಬ್ಬಣಕ್ಕೆ ಮನೆಗೊಬ್ಬರು ಬರ್ಬೇಕು ಅಂತ."

"ಇಂಥವರೇ ಬರ್ಬೇಕು ಅಂತ ಹೇಳಿದ್ರಾ?"

"ಅದು ಹಾಗೆ ಹೇಳುವ ಕ್ರಮ ಇಲ್ಲ. ಅದು ಮನೆಯವರಿಗೆ ಬಿಟ್ಟದ್ದು."

"ಹಾಗಾದ್ರೆ ಮುಗೀತಲ್ಲ ಮಾರ್ರೆ. ನಮ್ಮ ಮನೆಯಿಂದ ನೀವು ಹೋಗಿ."

ಅಮ್ಮ ಹುಬ್ಬು ಗಂಟಿಕ್ಕಿದರು. "ನಾನು ನಿಮ್ಮ ಮನೆಯವಳಾ ಮೊಯ್ದಿನ್?"

"ನನ್ನ ಎರಡನೇ ಮಗಳು ಹುಟ್ಟುವಾಗ ನಾನು ಎಲ್ಲಿದ್ದೆ? ಬೋಟಲ್ಲಿ. ಹದಿನೈದು ದಿನ ನಮ್ಮ ಅಡುಗೆಮನೆಯಲ್ಲಿ ನಿಂತು ಗಂಜಿ ಬೇಯಿಸಿದ್ದು ಯಾರು? ಬೇರೆ ಮನೆಯವರಾ?"

ಅಷ್ಟರಲ್ಲಿ ಲೀಲಕ್ಕ ತನ್ನ ಮುಡಿಯಿಂದ ಮಲ್ಲಿಗೆಯ ತುಂಡೊಂದನ್ನು ಬಿಡಿಸಿ ಅಮ್ಮನ ತಲೆಗೆ ಸಿಕ್ಕಿಸಿದರು. "ನಮ್ಮ ಮನೆಯಿಂದ್ಲೂ ದೇವಕ್ಕನೇ." ಓಣಿಯ ಕೊನೆಯ ಕ್ರಿಶ್ಚಿಯನ್ ಮನೆಯ ಫೆಲಿಕ್ಸ್ ಪೊರ್ಬುಗಳು ಹಿಂದಿನಿಂದ ಕೈ ಎತ್ತಿ, "ನಮ್ಮದೂ ಬರ್ಕೊಳ್ಳಿ" ಎಂದರು. ಆಮೇಲೆ ಸಾಲೇ ಶುರುವಾಯಿತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಒಂದೊಂದು ತುಂಡು ಮಲ್ಲಿಗೆ ಮುಡಿಸಿ ತಮ್ಮ ಮನೆಯ ಹೆಸರು ಹೇಳಿದರು, ಹೂವಿಲ್ಲದ ಗಂಡಸರು ಹೆಸರು ಮಾತ್ರ ಹೇಳಿದರು. ಅಮ್ಮ ಮತ್ತೊಮ್ಮೆ ಬೆರಳು ಮಡಚಿ ಎಣಿಸುತ್ತಿದ್ದರು, ಈ ಸಲ ಕಣ್ಣಲ್ಲಿ ನೀರಿತ್ತು. ಮೂವತ್ತೆರಡು ಮುಗಿಯುವಾಗ ಹೂವಿನ ಭಾರಕ್ಕೆ ತಲೆ ಹಿಂದಕ್ಕೆ ವಾಲಿತ್ತು. ಲೋಹ ಹುಡುಕುವ ಕೋಲನ್ನು ಅಮ್ಮನ ಮುಡಿಯ ಸುತ್ತ ಆಡಿಸಲು ಒಳಗಿನ ಹೆಂಗಸಿಗೆ ಬಹಳ ಹೊತ್ತು ಹಿಡಿಯಿತು. ಜೊತೆಗೆ ಎಷ್ಟು ಜನ ಎಂದು ಅವಳು ಕೇಳಿದಾಗ ಅಮ್ಮ ನಿಜವನ್ನೇ ಹೇಳಿದರು. ಅದರಿಂದ ನಮ್ಮನ್ನೆಲ್ಲ ಮತ್ತೊಮ್ಮೆ ಎಣಿಸಬೇಕಾಯಿತು.

ಜೆಟ್ಟಿನ ಬಗ್ಗೆ ನಾನು ಹೆಚ್ಚು ಹೇಳಲಾರೆ. ಮೆಟ್ಟಿಲ ಬಳಿ ಪೈಲಟ್‌ಗೆ ಊಟ ಆಗಿದೆಯೇ ಎಂದು ಅಮ್ಮ ನನ್ನಿಂದ ಇಂಗ್ಲಿಷಿನಲ್ಲಿ ಕೇಳಿಸಿದರು. ಆಗಿಲ್ಲ ಎಂದದ್ದಕ್ಕೆ ಎಲೆಯಲ್ಲಿ ಬೇಯಿಸಿದ ಮೂಡೆ, ಚಟ್ನಿ ಕೊಟ್ಟು ಎದುರೇ ತಿನ್ನಿಸಿ ಮತ್ತೆ ಮೇಲೆ ಹತ್ತಿದರು. ಬಾಳೆಗೊನೆ ನಡುವಿನ ದಾರಿಯಲ್ಲಿ ಮಲಗಿತ್ತು. ನಾನು ಪರದೆಯ ಹಿಂದೆ ಮೆತ್ತೆಯ ಮೇಲೆ ಬೆಲ್ಟು ಬಿಗಿದು, ಹಲಸಿನಹಣ್ಣನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಅರ್ಧ ದಾರಿಯಲ್ಲಿ ಮದುಮಗಳ ತಮ್ಮ ಬಂದು, "ಮಾವ, ಸ್ವಲ್ಪ ಏಳ್ತೀರಾ?" ಎಂದ. ಹಗುರ ಜೆಟ್ಟಿನಲ್ಲಿ ತಲೆಯ ಮೇಲಿನ ಮಾಡು ತಗ್ಗು. ಹಣ್ಣು ಹಿಡಿದು, ನಡು ಬಗ್ಗಿಸಿ, ನಾನು ಬಾಳೆಗೊನೆಯ ಮೇಲೆ ನಿಂತಿದ್ದೆ. ಅವನು ಹೊಟ್ಟೆ ಸರಿಯಿಲ್ಲದ ಹುಡುಗ, ಒಳಗೆ ನಿಧಾನ ಮಾಡಿದ.

ಮುಂಬಯಿಯ ಹಾಲ್‌ನಲ್ಲಿ ಗಂಡಿನ ಕಡೆಯ ಹಿರಿಯರು ಬೆಲ್ಲ ನೀರಿನ ಹರಿವಾಣ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಮ್ಮ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿ, "ದಿಬ್ಬಣದಲ್ಲಿ ಎಷ್ಟು ಜನ?" ಎಂದು ಕೇಳಿದರು.

"ಮೂವತ್ತೆರಡು ಮನೆ," ಎಂದರು ಅಮ್ಮ. "ಮತ್ತೆ ಇವರೆಲ್ಲ."

ಎಷ್ಟಾದರೂ ಅವರೂ ಮೂಲದಲ್ಲಿ ನಮ್ಮ ಊರಿನ ಕಡೆಯವರೇ. ಅಮ್ಮನ ಮುಡಿಯನ್ನು ಒಮ್ಮೆ ನೋಡಿದರು, ಮತ್ತೆ ಏನೂ ಕೇಳದೆ ಒಳಗೆ ಹೋಗಿ ಇನ್ನಷ್ಟು ಬೆಲ್ಲ ತರಿಸಿದರು. ಅಮ್ಮ ಒಂದು ತುಂಡು ಬಾಯಿಗೆ ಹಾಕಿಕೊಂಡು ಮೂವತ್ತೆರಡು ತುಂಡನ್ನು ಸೆರಗಿನಲ್ಲಿ ಕಟ್ಟಿಕೊಂಡರು. ಧಾರೆಯ ಹೊತ್ತಿಗೆ ಶ್ರಾವ್ಯಳ ಎದುರೇ ಕೂತಿದ್ದರು. ಆ ಹುಡುಗಿ ಮದುಮಗನಿಗಿಂತ ಅಜ್ಜಿಯನ್ನೇ ಹೆಚ್ಚು ನೋಡಿದಳು.

ಬರುವಾಗ ರೈಲಿನಲ್ಲಿ ಬಂದೆವು. ಹೋಗುವುದಕ್ಕೆ ಮಾತ್ರ ಎಂಬಲ್ಲಿ ಟಿಕ್ ಮಾಡಿದವನು ನಾನೇ ಎಂದು ಆಮೇಲೆ ಗೊತ್ತಾಯಿತು. ಅದನ್ನು ನನಗೆ ನೆನಪಿಸುವುದನ್ನು ಈಗಲೂ ಯಾರೂ ಮರೆಯುವುದಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ಮಂಡಿಗೆ ಎಣ್ಣೆ ಹಚ್ಚಿಕೊಂಡು ಹೊರಟರು. ಲಾಡಿನ ಪೊಟ್ಟಣಗಳ ಚೀಲ ಹಿಡಿದು ಹಿಂದೆ ನಾನು. ಲೀಲಕ್ಕನ ಮನೆಯಲ್ಲಿ ಬೆಲ್ಲದ ತುಂಡು, ಲಾಡು ಕೊಟ್ಟು, ಕೂತು, ನೀರು ಕುಡಿದು, ಅಮ್ಮ ಹೇಳಿದರು: "ಲೀಲಾ, ನಿನಗೆ ಕಿಟಕಿಯ ಬದಿಯೇ ಸಿಕ್ಕಿತು. ಸಮುದ್ರ ಇಡೀ ಕಾಣ್ತಿತ್ತು, ನಿನ್ನ ನೀಲಿ ಸೀರೆ ಉಂಟಲ್ಲ, ಅದೇ ಬಣ್ಣ." ಮೊಯ್ದಿನಾಕನಿಗೂ ಕಿಟಕಿಯ ಬದಿ. ಅವರು ಕಂಡದ್ದು ಧಕ್ಕೆಗೆ ವಾಪಸು ಬರುವ ಬೋಟುಗಳು, ಒಂದೊಂದರ ಹಿಂದೆಯೂ ಹಕ್ಕಿಗಳ ಹಿಂಡು. ಪೊರ್ಬುಗಳಿಗೆ ಇಗರ್ಜಿಯ ತುದಿಯ ಶಿಲುಬೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಹೀಗೆ ಒಂದೊಂದು ಮನೆಗೆ ಒಂದೊಂದು ಕಿಟಕಿ, ಒಂದೊಂದು ನೋಟ. ಕೇಳಿದವರೆಲ್ಲ ಹೌದಾ ಹೌದಾ ಎನ್ನುತ್ತ, ತಾವು ಹೋಗಿಯೇ ಬಂದವರ ಹಾಗೆ ತಲೆಯಾಡಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮೂವತ್ತೆರಡೂ ಮನೆ ಮುಗಿಯಿತು.

ವಾಪಸು ಬಂದು ಚಾವಡಿಯಲ್ಲಿ ಕಾಲು ಚಾಚಿ ಕೂತ ಅಮ್ಮನಿಗೆ ನೀರು ತಂದುಕೊಟ್ಟೆ. ನಾನಂತೂ ಪರದೆಯ ಹಿಂದಿದ್ದವನು, ಏನೂ ಕಂಡಿರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಕೇಳಿದೆ, "ಅಮ್ಮ, ಅಷ್ಟೆಲ್ಲ ಕಾಣ್ತಿತ್ತಾ?"

ಅಮ್ಮ ನೀರು ಕುಡಿದು ಲೋಟ ಕೆಳಗಿಟ್ಟರು. "ನನಗೆಂತ ಗೊತ್ತು ಮಗಾ? ಬಾಗಿಲು ಹಾಕಿದ ಕೂಡ್ಲೇ ಹೆದರಿ ಕಣ್ಣು ಮುಚ್ಚಿದವಳು, ಬಿಟ್ಟದ್ದು ಮುಂಬಯಿಯಲ್ಲಿ."